ಹಳ್ಳ ನೋಡಂಗಿಲ್ಲ

ಇವತ್ತು ಮೌಂಟನ್ ಬೈಕ್ ತಗೊಂಡು ಕ್ಯಾಲಿಫೋರ್ನಿಯಾದ ಬೆಟ್ಟದೂರು ಡೌನಿವಿಲ್‌ಗೆ. ಬೆಟ್ಟದ ಮೇಲಿನ ಪ್ಯಾಕರ್ ಸ್ಯಾಡಲ್ ಅನ್ನೋ ಜಾಗದಿಂದ ಊರಿಗೆ 4000 ಅಡಿಗೂ ಹೆಚ್ಚು ಇಳಿಜಾರು. ಹತ್ತಿಸೋಕೆ ವ್ಯಾನ್ ಇದೆ. ಇಳಿಸೋಕೆ ದೇವರೇ.

ಬುಚರ್ ರ‍್ಯಾಂಚ್ ಟ್ರೇಲ್‌ನಲ್ಲಿ ಹಳ್ಳ ಪಕ್ಕಕ್ಕೇ ಬರುತ್ತೆ. ಹಸಿರು ನೀರು, ತಳದ ಕಲ್ಲು ಕಾಣೋಷ್ಟು ತಿಳಿ.

ಆದ್ರೆ ನೋಡಂಗಿಲ್ಲ!

ಈ ಸೈಕಲ್ ಕಣ್ಣು ಹೋದ ಕಡೆಗೇ ಹೋಗುತ್ತೆ. ಬಂಡೆ ನೋಡಿದ್ರೆ ಬಂಡೆಗೆ, ನೀರು ನೋಡಿದ್ರೆ ನೀರಿಗೆ. ಸೀಟು ಇಳಿಸಿ, ಸೊಂಟ ಹಿಂದಕ್ಕೆ ತಳ್ಳಿ, ಬ್ರೇಕ್ ಮೇಲೆ ಒಂದೊಂದೇ ಬೆರಳಿಟ್ಟು, ದೃಷ್ಟಿ ಮಾತ್ರ ಹತ್ತು ಹದಿನೈದು ಅಡಿ ಮುಂದೆ. ಚಕ್ರದ ಕೆಳಗಿರೋ ಕಲ್ಲಿನ ಬಗ್ಗೆ ಯೋಚಿಸೋ ಹೊತ್ತು ಆಗ್ಲೇ ಮುಗಿದಿರುತ್ತೆ. ಹಳ್ಳ ಬರೀ ಕಿವಿಗೆ. (ಹೆಂಡತಿ ಕೇಳಿದ್ಲು, ಫೋಟೋ ಎಲ್ಲಿ ಅಂತ. ಯಾವ ಕೈಯಲ್ಲಿ ತೆಗೀಲಿ ಮಾರಾಯ್ತಿ?)

1849ರ ಸುಮಾರಿಗೆ ಚಿನ್ನ ಹುಡುಕ್ಕೊಂಡು ಬಂದವರು ಈ ಕಣಿವೆಗಳಲ್ಲಿ ಬಾಗಿ ಕೂತು ನೀರನ್ನೇ ದಿಟ್ಟಿಸ್ತಿದ್ರು. ಅವರ ಹೇಸರಗತ್ತೆಗಳು ತುಳಿದ ಹಾದಿಗಳಲ್ಲೇ ಈಗ ನಮ್ಮ ಸವಾರಿ. ಅವರಿಗೆ ನೀರು ಬಿಟ್ಟು ಬೇರೇನೂ ಕಾಣ್ತಿರಲಿಲ್ಲ, ನಮಗೆ ನೀರೊಂದು ಬಿಟ್ಟು ಎಲ್ಲ ಕಾಣುತ್ತೆ.

ಬೆರಳು ಇನ್ನೂ ಮಡಚಕ್ಕಾಗ್ತಿಲ್ಲ. ಸೋಮವಾರ ಆಫೀಸಲ್ಲಿ ಟೈಪ್ ಮಾಡೋದು ಹೇಗೋ ಗೊತ್ತಿಲ್ಲ. ಮುಂದಿನ ಸಲ ಯಾರ್ಯಾರು ಬರ್ತೀರಿ? ಮೊಣಕಾಲಿಗೆ ಪ್ಯಾಡ್ ಇದ್ದವರು ಮಾತ್ರ ಕೈ ಎತ್ತಿ.