ಒಡಕು ದನಿಯ ಬ್ಲೂಸ್

ತೆಂಕುತಿಟ್ಟಿನ ಚೆಂಡೆಯ ಪೆಟ್ಟನ್ನು ರಂಗಸ್ಥಳದ ಪಕ್ಕದಲ್ಲೇ ಕುಳಿತು ಕೇಳಿ ಬೆಳೆದ ಕಾಸರಗೋಡಿನ ಕಿವಿಗೆ ಆಫ್ರಿಕನ್ ಅಮೆರಿಕನ್ನರ ಬ್ಲೂಸ್ ಹಾಡುಗಳನ್ನು ಒರಟಾದ, ಒಡಕು ಗಿಟಾರ್ ನಾದದಲ್ಲಿ ನುಡಿಸುವ ಗರಾಜ್ ಬ್ಲೂಸ್‌ನ ಅಬ್ಬರ ತೀರ ಹೊಸತೆನಿಸದು ಎಂದು ನಾನು ಹೇಳಿದಾಗ, ಕರ್ನಾಟಕ ಸಂಗೀತವನ್ನು ಶ್ರದ್ಧೆಯಿಂದ ಕಲಿತ ಕುಂಬಳೆಯ ಗೆಳೆಯರೊಬ್ಬರು "ಅದು ಸಂಗೀತವಲ್ಲ ಮಾರಾಯ್ರೇ, ಸ್ಪೀಕರ್ ಹಾಳಾದದ್ದು" ಎಂದು ನಕ್ಕರು. ಅವರ ಹಾಸ್ಯದಲ್ಲಿ ಸತ್ಯವೂ ಇದೆ. 1958ರಲ್ಲಿ ಅಮೆರಿಕದ ಗಿಟಾರ್ ವಾದಕ ಲಿಂಕ್ ರೇ ತನಗೆ ಬೇಕಾದ ಒರಟು ನಾದಕ್ಕಾಗಿ ಆಂಪ್ಲಿಫೈಯರಿನ ಸ್ಪೀಕರಿಗೆ ತೂತು ಕೊರೆದಿದ್ದ; 1964ರಲ್ಲಿ ಲಂಡನ್ನಿನ ಕಿಂಕ್ಸ್ ತಂಡದ ಡೇವ್ ಡೇವಿಸ್ ಬ್ಲೇಡಿನಿಂದ ಸ್ಪೀಕರನ್ನೇ ಸೀಳಿದ. ಆದರೆ ಒಡಕೆಲ್ಲವೂ ಹೀಗೆ ಹಾಳುಗೆಡವಿ ಬಂದದ್ದಲ್ಲ. ಗಾಜಿನ ನಿರ್ವಾತ ಕೊಳವೆಗಳಿಂದ ದುಡಿಯುವ ವಾಲ್ವ್ ಆಂಪ್ಲಿಫೈಯರನ್ನು ಅದರ ತಾಕತ್ತು ಮೀರಿ ದುಡಿಸಿದಾಗ ಧ್ವನಿಯ ಅಲೆಗಳ ತುದಿ ಚಪ್ಪಟೆಯಾಗಿ, ಮೂಲ ಸ್ವರದೊಡನೆ ಅದರ ಮೇಲಿನ ಸ್ವರಾಂಶಗಳೂ ಎದ್ದು ಬಂದು ದನಿ ದಪ್ಪವಾಗುತ್ತದೆ. ಒಂದೇ ಗಿಟಾರು ಇಡೀ ಕೋಣೆಯನ್ನು ತುಂಬುವುದು ಇದರಿಂದಲೇ.

ನನ್ನನ್ನು ಈ ಸಂಗೀತಕ್ಕೆ ಒಲಿಸಿಕೊಂಡವನು ಷಿಕಾಗೋದ ಹೌಂಡ್ ಡಾಗ್ ಟೇಲರ್. ಅವನ ತಂಡದಲ್ಲಿದ್ದದ್ದು ಎರಡು ಗಿಟಾರು ಮತ್ತು ಡ್ರಮ್ಸ್ ಮಾತ್ರ, ತಗ್ಗು ಸ್ವರಗಳ ಬೇಸ್ ಗಿಟಾರಿಗೆ ಅಲ್ಲಿ ಜಾಗವಿರಲಿಲ್ಲ. ಅಗ್ಗದ ಜಪಾನಿ ಗಿಟಾರಿನ ತಂತಿಗಳ ಮೇಲೆ ಸ್ಲೈಡ್ ಎಂಬ ಪುಟ್ಟ ಕೊಳವೆಯನ್ನು ಜಾರಿಸುತ್ತ ಅವನು ನುಡಿಸಿದ್ದನ್ನು ಮುದ್ರಿಸುವುದಕ್ಕಾಗಿಯೇ ಬ್ರೂಸ್ ಇಗ್ಲೌವರ್ 1971ರಲ್ಲಿ ಅಲಿಗೇಟರ್ ರೆಕಾರ್ಡ್ಸ್ ಎಂಬ ಧ್ವನಿಮುದ್ರಣ ಕಂಪನಿ ಆರಂಭಿಸಿದರು. ಆ ಧ್ವನಿಮುದ್ರಣದಲ್ಲಿ ಶ್ರುತಿ ಅಲ್ಲಲ್ಲಿ ಜಾರುತ್ತದೆ (ಗೆಳೆಯರು ಅಲ್ಲಿಗೇ ಕೇಳುವುದನ್ನು ನಿಲ್ಲಿಸಿದರು), ಲಯ ಮಾತ್ರ ಬಿಗಿ ಬಿಡುವುದಿಲ್ಲ.

ಉತ್ತರ ಮಿಸಿಸಿಪ್ಪಿಯ ಗುಡ್ಡಗಾಡಿನ ಜೂನಿಯರ್ ಕಿಂಬ್ರೊ ಮತ್ತು ಆರ್. ಎಲ್. ಬರ್ನ್‌ಸೈಡ್ ಇನ್ನೊಂದು ಹೆಜ್ಜೆ ಮುಂದೆ ಹೋದವರು. ಬ್ಲೂಸ್‌ನ ವಾಡಿಕೆಯ ಹನ್ನೆರಡು ಆವರ್ತಗಳ, ಅಂದರೆ ಬಾರ್‌ಗಳ ಚೌಕಟ್ಟನ್ನು ಬಿಟ್ಟು ಒಟ್ಟಿಗೆ ಮಿಡಿಯುವ ಸ್ವರಗಳ ಒಂದೇ ಗುಚ್ಛದಲ್ಲಿ, ಅಂದರೆ ಒಂದೇ ಕಾರ್ಡ್‌ನಲ್ಲಿ ನಿಂತು, ಅದನ್ನೇ ಮತ್ತೆ ಮತ್ತೆ ಮಥಿಸಿ, ಕೇಳುಗನಿಗೆ ಹೊತ್ತಿನ ಅರಿವೇ ತಪ್ಪುವಂತೆ ಮಾಡುವ ಈ ವಾದನ ನನಗೆ ಟೇಲರನ ಆವೇಶಕ್ಕಿಂತಲೂ ಆಳವಾಗಿ ಕಾಣುತ್ತದೆ. ಒಹಾಯೊದ ಆಕ್ರನ್ ಊರಿನ ಇಬ್ಬರೇ ಸದಸ್ಯರ ತಂಡವಾದ ಬ್ಲ್ಯಾಕ್ ಕೀಸ್ ಕಿಂಬ್ರೊನ ಹಾಡುಗಳಿಗಾಗಿಯೇ 2006ರಲ್ಲಿ ಒಂದು ಕಿರು ಆಲ್ಬಮ್ ಮೀಸಲಿಟ್ಟಿತು. ನೆಲಮಾಳಿಗೆಯಲ್ಲಿ ಮುದ್ರಿಸಿದ ಇವರ ಆರಂಭದ ಆಲ್ಬಮ್‌ಗಳ ಬಿಸುಪು ಅನಂತರದ ನುಣುಪಾದ ಆಲ್ಬಮ್‌ಗಳಲ್ಲಿ ನನಗೆ ಸಿಕ್ಕಿಲ್ಲ.

ಹೊಸಬರು ಇಯರ್‌ಫೋನ್ ಬದಿಗಿಟ್ಟು, ಅಡಿಕೆ ತೋಟದ ನಡುವಿನ ಮನೆಯಾದರೆ ಅಕ್ಕಪಕ್ಕದವರ ಅಂಜಿಕೆಯಿಲ್ಲದೆ ದೊಡ್ಡ ಸ್ಪೀಕರಿನಲ್ಲಿ, ಕಿಂಬ್ರೊನಿಂದಲೇ ಆರಂಭಿಸಬಹುದು. ಟೇಲರನನ್ನು ಆಮೇಲೆ ಕೇಳಿದರೆ ಆ ಜಾರುವ ಶ್ರುತಿ ಅಷ್ಟಾಗಿ ಕಾಡದು.