ಬಿಗ್ ಮೆಡೋಸ್‌ನಲ್ಲಿ ಬೆದೆಗಾಲ

ಅಮೆರಿಕದ ಶೆನಂಡೋವಾ ರಾಷ್ಟ್ರೀಯ ಉದ್ಯಾನಕ್ಕೆ ಜನ ಮುಗಿಬೀಳುವುದು ಅಕ್ಟೋಬರಿನಲ್ಲಿ, ಎಲೆ ಕೆಂಪಾದಾಗ. ನನಗೆ ಆ ಜಾತ್ರೆ ಬೇಡ. ಎಲೆ ಉದುರಿದ ನವೆಂಬರ್ ನಡುವೆ ಬ್ಲೂ ರಿಡ್ಜ್ ಬೆಟ್ಟಗಳ ಮೈಕಟ್ಟು ಬಿಡಿಸಿಟ್ಟ ಹಾಗೆ ಕಾಣುತ್ತದೆ. ಬಿಳಿಬಾಲದ ಜಿಂಕೆಗಳು ಬೆದೆಗೆ ಬರುವುದೂ ಆಗಲೇ. ವರ್ಜೀನಿಯಾದಲ್ಲೇ ನೆಲೆಸಿರುವ ಭಾವ ಮಾತ್ರ ಕಾರು ಹತ್ತುವಾಗಲೇ ರಾಗ ಎಳೆದರು: "ಈ ಸಲ ಚಳಿಯೇ ಬಿದ್ದಿಲ್ಲ ಕಣೋ. ಹುಣ್ಣಿಮೆಯೂ ಕಳೀತು. ಏನೂ ಕಾಣಲ್ಲ." ಬೆದೆ ಎಬ್ಬಿಸುವುದು ಚಳಿ ಮತ್ತು ಹುಣ್ಣಿಮೆ ಎಂಬುದು ಅವರ ನಂಬಿಕೆ.

ಬಿಗ್ ಮೆಡೋಸ್ ಹುಲ್ಲುಗಾವಲಿನಲ್ಲಿ ಮಧ್ಯಾಹ್ನವೆಲ್ಲ ಜಾಕೆಟ್ ಬಿಚ್ಚುವಷ್ಟು ಸೆಕೆ. ಒಂದೆರಡು ಹೆಣ್ಣುಗಳು ಮೇಯುತ್ತಿದ್ದವು, ಅಷ್ಟೆ. ಬಿಸಿಲು ಇಳಿದ ಮೇಲೆ ಪೊದೆಯಿಂದ ಗಂಡೊಂದು ಹೊರಬಂತು. ಕತ್ತು ಊದಿಕೊಂಡಿತ್ತು, ಹಿಂಗಾಲಿನ ಕೀಲಿನ ಒಳಬದಿಯ ಕೂದಲು ಮೂತ್ರದಲ್ಲಿ ನೆನೆದು ಕಪ್ಪಾಗಿತ್ತು. ಮೂತಿಯನ್ನು ನೆಲಕ್ಕೆ ಹಚ್ಚಿ ಹೆಣ್ಣು ನಡೆದ ಜಾಡನ್ನೇ ಹಿಡಿಯಿತು. ಅವಳು ಉಚ್ಚೆ ಹೊಯ್ದ ಜಾಗದಲ್ಲಿ ನಿಂತು, ತಲೆಯೆತ್ತಿ, ಮೇಲ್ದುಟಿ ಮಡಚಿ ಗಾಳಿಯನ್ನು ಒಳಗೆಳೆದುಕೊಂಡಿತು. ನಾನು ಕ್ಯಾಮೆರಾ ಮರೆತೇಬಿಟ್ಟೆ.

ಪಕ್ಕದಲ್ಲಿ ಟ್ರೈಪಾಡ್ ಹೂಡಿ ಕೂತಿದ್ದ ಹಿರಿಯರೊಬ್ಬರು ಒಂದು ಕಾಲಕ್ಕೆ ಬೇಟೆಗಾರರಂತೆ. ಭಾವ ಅವರಿಗೂ ಚಳಿಯ ದೂರು ಹೇಳಿದರು.

"ನೀವು ನೋಡ್ತಿರೋದು ಓಡಾಟ. ಗಬ್ಬ ಕಟ್ಟೋ ಕಾಲದ ಲೆಕ್ಕವೇ ಬೇರೆ," ಎಂದರು ಅವರು. ದಪ್ಪ ಚಳಿಗೂದಲು ಹೊತ್ತ ಪ್ರಾಣಿ ಸೆಕೆಯಿದ್ದರೆ ಹಗಲು ಮಲಗಿ ರಾತ್ರಿ ಅಲೆಯುತ್ತದೆ. ನಾವು ಬೆದೆ ತಡವಾಯಿತು ಅಂದುಕೊಳ್ಳುತ್ತೇವೆ. ಜೀವಶಾಸ್ತ್ರಜ್ಞರು ಸತ್ತ ಹೆಣ್ಣುಗಳ ಹೊಟ್ಟೆಯಲ್ಲಿನ ಭ್ರೂಣದ ಉದ್ದ ಅಳೆದು ಹಿಂದಕ್ಕೆ ಎಣಿಸುತ್ತಾರೆ. ಹಾಗೆ ಎಣಿಸಿದರೆ ಈ ಸೀಮೆಯಲ್ಲಿ ವರ್ಷ ವರ್ಷವೂ ಹೆಚ್ಚುಕಡಿಮೆ ಅದೇ ನವೆಂಬರ್ ನಡುಭಾಗ. ಚಂದ್ರ ಹೇಗಾದರೂ ಇರಲಿ.

"ಹಾಗಾದ್ರೆ ಯಾವುದು ನಡೆಸುತ್ತೆ?"

"ಹಗಲು."

ಹಗಲು ಕುಗ್ಗಿದಂತೆ ಮಿದುಳಿನಲ್ಲಿ ಮೆಲಟೋನಿನ್ ಎಂಬ ಕತ್ತಲ ಹೊತ್ತಿನ ಹಾರ್ಮೋನು ಸ್ರವಿಸುವ ಅವಧಿ ಹಿಗ್ಗುತ್ತದೆ, ಅದರ ಬೆನ್ನಿಗೆ ಲೈಂಗಿಕ ಹಾರ್ಮೋನುಗಳು ಏಳುತ್ತವೆ. ಗರ್ಭ ಸುಮಾರು 200 ದಿನ. ನವೆಂಬರಿನಲ್ಲಿ ಕಟ್ಟಿದರೆ ಮರಿ ಹುಟ್ಟುವುದು ಮೇ ಕೊನೆ, ಜೂನ್ ಹೊತ್ತಿಗೆ, ಚಿಗುರು ತುಂಬಿರುವಾಗ. ಹೆಣ್ಣು ಒಂದು ದಿನದ ಆಸುಪಾಸು ಮಾತ್ರ ಒಪ್ಪುತ್ತಾಳೆ; ಆ ಸಲ ತಪ್ಪಿದರೆ ಸುಮಾರು 28 ದಿನಕ್ಕೆ ಮತ್ತೆ. ಚೆನ್ನಾಗಿ ಮೇದು ಬಲಿತ ಆ ವರ್ಷದ ಹೆಣ್ಣುಮರಿಗಳೂ ಡಿಸೆಂಬರಿನಲ್ಲಿ ಬೆದೆಗೆ ಬರುವುದುಂಟು. ದಕ್ಷಿಣಕ್ಕೆ ಹೋದಂತೆ ಕಾಲವೇ ಬದಲು: ಅಲಬಾಮಾದ ಬಹುಭಾಗದಲ್ಲಿ ಜನವರಿ, ಫ್ಲೋರಿಡಾದ ದಕ್ಷಿಣ ತುದಿಯಲ್ಲಿ ಜುಲೈ–ಆಗಸ್ಟ್.

"ನಿಮ್ಮೂರಿನ ಜಿಂಕೆ?" ಎಂದು ಕೇಳಿದರು. ಬಂಡೀಪುರದ ಚುಕ್ಕೆ ಜಿಂಕೆಗಳ ಒಂದೇ ಹಿಂಡಿನಲ್ಲಿ ಕೊಂಬು ಬಲಿತ ಗಂಡೂ, ಇನ್ನೂ ಮಖಮಲ್ಲಿನಂಥ ಚರ್ಮ ಹೊದ್ದ ಎಳೆಗೊಂಬಿನ ಗಂಡೂ ಇರುತ್ತವೆ, ಅಂದರೆ ಎಲ್ಲಕ್ಕೂ ಒಂದೇ ಬೆದೆಗಾಲವಿಲ್ಲ ಎಂದೆ. ಅವರ ಕಣ್ಣು ಅರಳಿತು. ಬಂಡೀಪುರದಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಒಂದೂವರೆ ತಾಸಿನ ಅಂತರವೂ ಇಲ್ಲ. ಇಲ್ಲಿ ಐದು ತಾಸಿಗೂ ಹೆಚ್ಚು. ಭಾವ ಸುಮ್ಮನೆ ಕೇಳುತ್ತಿದ್ದರು. ಕತ್ತಲಾಗುವವರೆಗೂ ನಾವು ಮೂವರೂ ಏಳಲಿಲ್ಲ.

ವಾಪಸು ಬರುವಾಗ ಹೆದ್ದಾರಿಯಲ್ಲಿ ಹೆಣ್ಣೊಂದು ರಸ್ತೆ ದಾಟಿತು. ಅದು ದಾಟಿತಲ್ಲ ಎಂದು ಭಾವ ವೇಗ ಹೆಚ್ಚಿಸಿದ್ದೇ ತಡ, ಅಟ್ಟಿಸಿಕೊಂಡು ಬಂದ ಗಂಡು ಎಡಬಾಗಿಲಿಗೆ ಗುದ್ದಿ, ಎದ್ದು, ಕಾಡು ಸೇರಿತು. ಯಾರಿಗೂ ಗಾಯವಾಗಲಿಲ್ಲ. ಆದರೆ "ಎಲ್ಲಾ ಸೇರಿದೆ" ಎಂದು ವಿಮೆ ಮಾರಿದ್ದ ಬಾಡಿಗೆ ಕಾರಿನವರು, ಪ್ರಾಣಿ ಗುದ್ದಿದ್ದು ಡಿಕ್ಕಿಯ ಲೆಕ್ಕಕ್ಕೆ ಬರುವುದಿಲ್ಲ ಎಂದು ಇಡೀ ಬಾಗಿಲಿನ ದುಡ್ಡು ಕಿತ್ತರು. ಅದು ಇನ್ನೂ ಉರಿಯುತ್ತದೆ. ನವೆಂಬರಿನಲ್ಲಿ ಆ ಕಡೆ ಹೋಗುವವರು ಜಿಂಕೆ ಗುದ್ದಿದರೆ ಯಾರು ಕೊಡುತ್ತಾರೆಂದು ಕೇಳಿ, ಬರೆಸಿಕೊಳ್ಳಿ. ಆ ತಿಂಗಳ ಮೊದಲ ಭಾನುವಾರ ಗಡಿಯಾರ ಒಂದು ತಾಸು ಹಿಂದಕ್ಕೆ ಹೋಗುವುದರಿಂದ ಕಚೇರಿ ಬಿಡುವ ಹೊತ್ತಿಗೇ ಕತ್ತಲು. ಒಂದು ಜಿಂಕೆ ದಾಟಿದರೆ ಕಾರು ನಿಧಾನಿಸಿ, ಹಿಂದಿನದಕ್ಕೂ ಕಾಯಿರಿ.