ರಿಜಿಸ್ಟರಿನಲ್ಲಿ ‘ಸುಸ್ಥಿತಿ’, ಹೊಳೆಯಲ್ಲಿ ಸ್ಟಾರ್ಟ್ ಇಲ್ಲ

ಗೃಹರಕ್ಷಕ ದಳದ ನಮ್ಮ ಘಟಕದಲ್ಲಿ ನೆರೆ ರಕ್ಷಣೆಯ ಸಾಮಾನೆಲ್ಲ ನನ್ನ ಸುಪರ್ದಿಯಲ್ಲಿದೆ. ನೇತ್ರಾವತಿ ದಂಡೆಯ ಊರು ನಮ್ಮದು. 1974ರ ನೆರೆಯ ಮಾತು ಇಲ್ಲಿನ ಹಿರಿಯರ ಬಾಯಲ್ಲಿ ಇನ್ನೂ ಇದೆ. ಮಳೆಗಾಲಕ್ಕೆ ಮೊದಲು ರಬ್ಬರ್ ದೋಣಿ ಇಳಿಸಿ ನೋಡುವುದು ವಾಡಿಕೆ.

ಆ ಮೇ ತಿಂಗಳು ದೋಣಿ ಇಳಿಯಿತು, ಮೋಟರ್ ಹೊರಡಲಿಲ್ಲ. ಇಪ್ಪತ್ತು ಸಲ ಸ್ಟಾರ್ಟಿನ ಹಗ್ಗ ಎಳೆದು ಅಂಗೈ ಕೆಂಪಾಯಿತು. ಮೀನುಗಾರಿಕೆ ಬೋಟಿನ ಮೆಕ್ಯಾನಿಕ್ ಆಗಿರುವ ನಮ್ಮ ಗಾರ್ಡ್ ಒಬ್ಬರು ಕಾರ್ಬ್ಯುರೇಟರ್ ಬಿಚ್ಚಿ ಬೆರಳಿಗೆ ಅಂಟಿದ ಕಂದು ಗೋಂದು ತೋರಿಸಿದರು: “ಸರ್, ಇದರಲ್ಲಿ ಕಳೆದ ವರ್ಷದ ಪೆಟ್ರೋಲ್ ಉಂಟು.” ರಿಜಿಸ್ಟರಿನಲ್ಲಿ ಅದರ ಎದುರು ‘ಸುಸ್ಥಿತಿ’ ಎಂದು ಬರೆದು ಸಹಿ ಹಾಕಿದವನು ನಾನೇ. ಲೈಫ್ ಜಾಕೆಟ್‌ಗಳ ಎಣಿಕೆಯೂ ಸರಿ ಇತ್ತು; ಆದರೆ ಮೂರರಲ್ಲಿ ತೊಡೆಸಂದಿಯ ಪಟ್ಟಿಯೇ ಇರಲಿಲ್ಲ. ಅದಿಲ್ಲದಿದ್ದರೆ ನೀರಿಗೆ ಬಿದ್ದಾಗ ಜಾಕೆಟ್ ಮೇಲೆ ಹೋಗುತ್ತದೆ, ಮನುಷ್ಯ ಕೆಳಗೆ ಜಾರುತ್ತಾನೆ.

ಅದಕ್ಕಿಂತ ಹೆಚ್ಚು ನನ್ನನ್ನು ಕಾಡಿದ್ದು ಬೇರೆ. ಆ ಮೋಟರಿನ ಮರ್ಮ ಗೊತ್ತಿದ್ದವರು ಆ ಮೆಕ್ಯಾನಿಕ್ ಒಬ್ಬರೇ. 1946ರಲ್ಲಿ ಮುಂಬೈ ಪ್ರಾಂತ್ಯದಲ್ಲಿ ಶುರುವಾದಾಗಿನಿಂದ ಹೋಮ್ ಗಾರ್ಡ್ಸ್ ಸ್ವಯಂಸೇವಕರ ದಳ. ನಮ್ಮ ರಾಜ್ಯದ ಕಾಯ್ದೆ 1962ರದ್ದು. ತಿಂಗಳ ಸಂಬಳವಿಲ್ಲ, ಡ್ಯೂಟಿ ಮಾಡಿದ ದಿನಕ್ಕೆ ಭತ್ಯೆ. ಉಳಿದ ದಿನ ಒಬ್ಬರು ರಿಕ್ಷಾ ಓಡಿಸುತ್ತಾರೆ, ಇನ್ನೊಬ್ಬರು ಬಟ್ಟೆ ಹೊಲಿಯುತ್ತಾರೆ. ನೆರೆ ಬಂದ ರಾತ್ರಿ ಆ ಮೆಕ್ಯಾನಿಕ್ ದೂರದ ಯಾವುದೋ ಜಾತ್ರೆಯ ಬಂದೋಬಸ್ತಿನಲ್ಲಿದ್ದರೆ?

ಈಗ ತಿಂಗಳಿಗೊಂದು ಭಾನುವಾರ ಪೆರೇಡ್ ಮುಗಿದ ಮೇಲೆ ಮೋಟರನ್ನು ನೀರು ತುಂಬಿದ ಡ್ರಮ್ಮಿಗೆ ಇಳಿಸಿ ಐದು ನಿಮಿಷ ಓಡಿಸುತ್ತೇವೆ. ನೀರಿಲ್ಲದೆ ಓಡಿಸಿದರೆ ತಂಪಿಗೆ ನೀರೆಳೆಯುವ ಒಳಗಿನ ರಬ್ಬರ್ ಚಕ್ರ, ಇಂಪೆಲ್ಲರ್, ಸುಟ್ಟುಹೋಗುತ್ತದೆ. ಪಕ್ಕದ ತೂತಿನಿಂದ ನೀರು ಚಿಮ್ಮಿದರೆ ತಂಪಿನ ಪಂಪು ಸರಿ ಇದೆ ಎಂದರ್ಥ. ಪ್ರತಿ ಸಲ ಬೇರೆಯವರೇ ಹಗ್ಗ ಎಳೆಯಬೇಕು. ಹೊಲಿಗೆ ಕೆಲಸದ ನಮ್ಮ ಗಾರ್ಡ್ ಅಕ್ಕ ಮೊದಲು ಹಿಂಜರಿದವರು, ಈಗ ಎರಡನೇ ಎಳೆತಕ್ಕೇ ಸ್ಟಾರ್ಟ್ ಮಾಡುತ್ತಾರೆ. ಜಾಕೆಟ್ಟಿನ ಪಟ್ಟಿ ಹೊಲಿದುಕೊಟ್ಟವರೂ ಅವರೇ. ಹೊಲಿಗೆ ಗಟ್ಟಿಯೋ ಎಂದು ಒಂದೊಂದನ್ನೂ ತೊಟ್ಟು ನೀರಿಗಿಳಿದು ನೋಡಿದೆವು.

ರಕ್ಷಣೆಯ ಹಗ್ಗದ್ದು ಇನ್ನೂ ಬಾಕಿ. ನಮ್ಮಲ್ಲಿರುವುದು ನೈಲಾನ್, ನೀರಲ್ಲಿ ಮುಳುಗಿ ಪ್ರೊಪೆಲ್ಲರಿಗೆ ಸುತ್ತಿಕೊಳ್ಳುವ ಜಾತಿ. ತೇಲುವ ಪಾಲಿಪ್ರೊಪಿಲೀನ್ ಹಗ್ಗ ಬೇಕೆಂದು ಬರೆದುಕೊಂಡಿದ್ದೇನೆ. ಬರುವವರೆಗೆ ಹಗ್ಗದ ತುದಿಗೊಂದು, ನಡುವಿಗೊಂದು ಮುಚ್ಚಳ ಬಿಗಿದ ಖಾಲಿ ಕ್ಯಾನ್ ಕಟ್ಟಿಟ್ಟಿದ್ದೇವೆ.